ಶಿಯೋನ್ ದುರ್ಗದ ಸೆರೆಯಾಳುಗಳು

ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದಿಂದ ಜಿನೀವಾ ಸರೋವರದ ದಂಡೆಯನ್ನು ಹಿಡಿದು ಪೂರ್ವಾಭಿಮುಖವಾಗಿ ನಡೆಯುವ ಪ್ರವಾಸಿಗೆ ಮುಕ್ಕಾಲು ಗಂಟೆಯೊಳಗೆ ಒಂದು ಅಪೂರ್ವ ದೃಶ್ಯ ಎದುರಾಗುತ್ತದೆ. ಒಂದು ಬದಿಗೆ ಕಡಿದಾದ ಬೆಟ್ಟ. ಇನ್ನೊಂದು ಬದಿಗೆ ಕನ್ನಡಿಯಂತೆ ಹರಡಿದ ನೀಲಜಲ. ಬೆಟ್ಟವೂ ನೀರೂ ಒಂದನ್ನೊಂದು ಮುಟ್ಟಲು ಹವಣಿಸುತ್ತಿರುವ ಆ ಇಕ್ಕಟ್ಟಿನಲ್ಲಿ, ದಂಡೆಯಿಂದ ಕೆಲವೇ ಮಾರು ದೂರದಲ್ಲಿ ನೀರಿನೊಳಗಿಂದಲೇ ಎದ್ದುಬಂದಂತೆ ಒಂದು ದುರ್ಗವು ನಿಂತಿದೆ. ಕೆಂಪು ಹೆಂಚಿನ ಚೂಪು ಮಾಡುಗಳು, ಬೂದುಬಣ್ಣದ ಗೋಡೆಗಳು, ಎಲ್ಲಕ್ಕೂ ಮೇಲೆ ಚಚ್ಚೌಕವಾದ ಹಿರಿಯ ಬುರುಜು. ಅದರ ಹಿಂದೆ ದೂರದಲ್ಲಿ, 'ನಡುಹಗಲಿನ ದಂತಗಳು' ಎಂದು ಅರ್ಥ ಕೊಡುವ ದಾನ್ ದ್ಯು ಮಿದಿ ಶಿಖರಗಳು ಹಿಮವನ್ನು ಹೊತ್ತು ಹೊಳೆಯುತ್ತವೆ. ಇದೇ ಶಿಯೋನ್ ದುರ್ಗ. ಇಂಗ್ಲಿಷ್ ಕಾವ್ಯವನ್ನು ಓದಿದವರು ಇದನ್ನು ಶಿಲ್ಲಾನ್ ಎಂದು ಉಚ್ಚರಿಸಿ ಬಲ್ಲರು.

ಪಾಲ್‌ಗ್ರೇವ್ ಮಹಾಶಯನು 1861ರಲ್ಲಿ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ' ಎಂಬ ಕವನ ಸಂಕಲನವು ನಮ್ಮ ದೇಶದ ಕಾಲೇಜುಗಳಲ್ಲಿ ಹಲವು ತಲೆಮಾರುಗಳ ವಿದ್ಯಾರ್ಥಿಗಳ ಕೈಯಲ್ಲಿ ಸವೆದ ಪುಸ್ತಕ. ಬೈರನ್ ಕವಿಯು ಈ ದುರ್ಗವನ್ನು ಕುರಿತು ರಚಿಸಿದ ಸಾನೆಟ್ ಅದರಲ್ಲಿ ಸೇರಿದೆ. ಹೀಗಾಗಿ ಹಿಮವನ್ನೇ ಕಾಣದವರಿಗೂ, ಸರೋವರವೆಂದರೆ ಊರ ಕೆರೆಯನ್ನಷ್ಟೇ ಬಲ್ಲವರಿಗೂ ಶಿಯೋನಿನ ಹೆಸರು ಪರಿಚಿತವಾಯಿತು. ಆದರೆ ಕಾವ್ಯದಲ್ಲಿ ಕಂಡ ದುರ್ಗ ಬೇರೆ, ಕಲ್ಲಿನಲ್ಲಿ ಕಟ್ಟಿದ ದುರ್ಗ ಬೇರೆ. ಕಾವ್ಯವು ಒಬ್ಬ ಸೆರೆಯಾಳನ್ನು ಅಮರನನ್ನಾಗಿ ಮಾಡಿತು. ಇತಿಹಾಸವು ಅದೇ ಗೋಡೆಗಳ ನಡುವೆ ನರಳಿದ ಇನ್ನೂ ಹಲವರನ್ನು ಕಾಗದದ ಮೂಲೆಯಲ್ಲಿ ಬರೆದಿಟ್ಟಿದೆ. ಇವರಿಬ್ಬರ ಕಥೆಯನ್ನೂ ಕೇಳಿದಾಗಲೇ ಶಿಯೋನಿನ ಯಾತ್ರೆ ಪೂರ್ಣವಾಗುವುದು.

ದಾರಿಗೆ ಅಡ್ಡಲಾಗಿ ಒಂದು ಬಂಡೆ

ಈ ಸ್ಥಳದಲ್ಲಿ ದುರ್ಗವನ್ನು ಏಕೆ ಕಟ್ಟಿದರು ಎಂಬ ಪ್ರಶ್ನೆಗೆ ಭೂಗೋಳವೇ ಉತ್ತರ ಹೇಳುತ್ತದೆ. ಆಲ್ಪ್ಸ್ ಪರ್ವತಗಳ ನಡುವೆ ಹರಿದುಬರುವ ರೋನ್ ನದಿಯು ಇಲ್ಲಿಗೆ ಸಮೀಪದಲ್ಲಿಯೇ ಜಿನೀವಾ ಸರೋವರವನ್ನು ಸೇರುತ್ತದೆ. ಆ ನದಿಯ ಕಣಿವೆಯನ್ನು ಹಿಡಿದು ಮೇಲಕ್ಕೆ ಹೋದರೆ ಮಾರ್ತಿಣಿ ಪಟ್ಟಣ; ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಏರಿದರೆ 2469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿ; ಅದನ್ನು ದಾಟಿದರೆ ಇಟಲಿ. ರೋಮನರ ಕಾಲದಿಂದಲೂ ಇಟಲಿಗೂ ಉತ್ತರ ಯೂರೋಪಿಗೂ ನಡುವೆ ಸಂಚರಿಸಿದ ಸೈನಿಕರು, ವರ್ತಕರು, ಯಾತ್ರಿಕರು, ಪಾದ್ರಿಗಳು ಈ ದಾರಿಯಲ್ಲಿಯೇ ನಡೆದರು. ಶಿಯೋನಿನ ಬಳಿ ಬೆಟ್ಟವು ನೀರಿಗೆ ಒತ್ತಿಕೊಂಡು ನಿಂತಿರುವುದರಿಂದ, ದಾರಿಯು ಕಿರಿದಾದ ಒಂದು ಪಟ್ಟಿಯಾಗಿ ಬಂಡೆಯ ಮುಂದೆಯೇ ಹಾದುಹೋಗಬೇಕು. ಆ ಬಂಡೆಯನ್ನು ಹಿಡಿದವನು ದಾರಿಯನ್ನು ಹಿಡಿದಂತೆ. ದಾರಿಯನ್ನು ಹಿಡಿದವನು ಅದರ ಮೇಲೆ ನಡೆಯುವವರ ಹಣದ ಚೀಲವನ್ನು ಹಿಡಿದಂತೆ.

ದುರ್ಗದ ಹೆಸರು ಲಿಖಿತವಾಗಿ ಕಾಣಿಸಿಕೊಳ್ಳುವುದು 1150ರಲ್ಲಿ. ಆಗಲೇ ಅದು ಸವಾಯ್ ಮನೆತನದ ಕೌಂಟರ ವಶದಲ್ಲಿದ್ದಿತು. ಸವಾಯ್ ಮನೆತನದವರು ಆಲ್ಪ್ಸಿನ ಎರಡೂ ಮಗ್ಗುಲುಗಳಲ್ಲಿ ನೆಲೆಯೂರಿ, ಕಣಿವೆದಾರಿಗಳಿಗೆ ದ್ವಾರಪಾಲಕರಾಗಿ ಬೆಳೆದವರು. ಅವರಲ್ಲಿ ಒಂದನೆಯ ಥಾಮಸನು 1214ರಲ್ಲಿ ದುರ್ಗದ ಸಮೀಪದಲ್ಲಿಯೇ ವಿಲ್‌ನವ್ ಎಂಬ ಹೊಸ ಪೇಟೆಯನ್ನು ಸ್ಥಾಪಿಸಿದನು. ಇಟಲಿಯಿಂದ ಬರುವ ಸರಕಿಗೆ ಅಲ್ಲಿ ಸುಂಕ. ಸುಂಕಕ್ಕೆ ಶಿಯೋನಿನ ರಕ್ಷಣೆ. ಬೆಟ್ಟದ ತಪ್ಪಲಿನ ಈ ಮನೆತನವು ದೊಡ್ಡ ಸಂಸ್ಥಾನವಾಗಿ ಬೆಳೆಯುವುದಕ್ಕೆ ಕತ್ತಿಯಷ್ಟೇ ಈ ಸುಂಕದ ಪೆಟ್ಟಿಗೆಯೂ ಕಾರಣವಾಯಿತು.

ದುರ್ಗವು ಇಂದಿನ ಸ್ವರೂಪವನ್ನು ಪಡೆದುದು ಮುಖ್ಯವಾಗಿ ಹದಿಮೂರನೆಯ ಶತಮಾನದಲ್ಲಿ, ಎರಡನೆಯ ಪೀಟರನ ಕಾಲದಲ್ಲಿ. ಸವಾಯ್ ಮನೆತನದ ಈ ಕಿರಿಯ ಕುಡಿ ತನ್ನ ಸಾಹಸಗಳಿಂದ 'ಪುಟ್ಟ ಶಾರ್ಲ್‌ಮೇನ್' ಎಂದು ಹೆಸರಾದವನು. ಇವನ ಸೋದರ ಸೊಸೆ ಎಲಿನಾರಳು ಇಂಗ್ಲೆಂಡಿನ ಮೂರನೆಯ ಹೆನ್ರಿಯ ರಾಣಿ. ಆ ಸಂಬಂಧದ ಬಲದಿಂದ ಪೀಟರನು ಇಂಗ್ಲೆಂಡಿಗೆ ಹೋಗಿ ಅರಸನ ಕೃಪೆಗೆ ಪಾತ್ರನಾಗಿ, ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ವಿಶಾಲವಾದ ನಿವೇಶನವನ್ನು ಸಂಪಾದಿಸಿದನು. ಇಂದು ಅಲ್ಲಿರುವ ಪ್ರಸಿದ್ಧ ಸವಾಯ್ ಹೋಟೆಲಿನ ಹೆಸರಿನಲ್ಲಿ ಉಳಿದಿರುವುದು ಈ ಪರ್ವತವಾಸಿ ಕೌಂಟನ ನೆನಪೇ. 1268ರಲ್ಲಿ ಅವನು ತೀರಿಕೊಳ್ಳುವ ವೇಳೆಗೆ, ಬಂಡೆಯ ಮೇಲಣ ಹಳೆಯ ಕೋಟೆಯು ಯೂರೋಪಿನ ಸುಸಜ್ಜಿತ ದುರ್ಗಗಳಲ್ಲಿ ಒಂದಾಗಿ ಮಾರ್ಪಟ್ಟಿದ್ದಿತು.

ಎರಡು ಮುಖದ ಮನೆ

ದಂಡೆಗೂ ಬಂಡೆಗೂ ನಡುವೆ ಪ್ರಕೃತಿಯೇ ತೋಡಿದ ಕಂದಕವಿದೆ. ಹಿಂದೆ ಅದರ ಮೇಲೆ ಎತ್ತುಸೇತುವೆಯಿದ್ದಿತು; ಈಗಿರುವುದು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿದ, ಮೇಲ್ಛಾವಣಿಯುಳ್ಳ ಸೇತುವೆ. ಅದನ್ನು ದಾಟುವ ಮುನ್ನ ಪ್ರವಾಸಿಯು ಒಂದು ಕ್ಷಣ ನಿಂತು ಗೋಡೆಯನ್ನು ನೋಡಬೇಕು. ದಾರಿಯ ಕಡೆಗೆ ತಿರುಗಿದ ಮುಖದಲ್ಲಿ ಕರುಣೆಯೆಂಬುದೇ ಇಲ್ಲ. ಮೂರು ಅರ್ಧವರ್ತುಲದ ಬುರುಜುಗಳು, ಬಾಣ ಬಿಡಲು ಸೀಳಿದ ಕಿಂಡಿಗಳು, ಶತ್ರುವಿನ ನೆತ್ತಿಯ ಮೇಲೆ ಕಲ್ಲುಗಳನ್ನುರುಳಿಸಲು ಮೇಲ್ಗಡೆ ಮುಂಚಾಚಿದ ಗೂಡುಗಳು. ಆದರೆ ದೋಣಿಯಲ್ಲಿ ಕುಳಿತು ಸರೋವರದ ಕಡೆಯಿಂದ ನೋಡಿದರೆ ಅದೇ ಕಟ್ಟಡವು ಅರಮನೆ. ಅಲ್ಲಿ ಗಾಥಿಕ್ ಶೈಲಿಯ ದೊಡ್ಡ ಕಿಟಕಿಗಳು ಸಾಲಾಗಿ ನೀರಿನ ಕಡೆಗೆ ತೆರೆದುಕೊಂಡಿವೆ. ದಾರಿಹೋಕನಿಗೆ ಗಂಟಿಕ್ಕಿದ ಹುಬ್ಬು, ಮನೆಯವರಿಗೆ ಬೆಳಕು ತುಂಬಿದ ಕಣ್ಣು. ಮಧ್ಯಯುಗದ ಪ್ರಭುತ್ವದ ಸ್ವಭಾವವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಗ್ರಂಥ ಬೇರೊಂದಿಲ್ಲ.

ಒಳಗೆ ಅಂಗಳದಿಂದ ಅಂಗಳಕ್ಕೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ದಾರಿ ಸುತ್ತುತ್ತದೆ. ಸುಮಾರು ಇಪ್ಪತ್ತೈದು ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ಕಾಲಕ್ರಮದಲ್ಲಿ ಒಂದೇ ದುರ್ಗವಾಗಿವೆ. ಭಾರಿ ಅಗ್ಗಿಷ್ಟಿಕೆಗಳುಳ್ಳ ಭೋಜನಶಾಲೆಗಳು, ಮರದ ಮಾಳಿಗೆಯ ಸಭಾಂಗಣಗಳು, ಹದಿನಾಲ್ಕನೆಯ ಶತಮಾನದ ಚಿತ್ರಗಳನ್ನು ಇನ್ನೂ ಮಸುಕಾಗಿ ಉಳಿಸಿಕೊಂಡಿರುವ ಕೌಂಟರ ಶಯನಗೃಹ, ಸಂತ ಜಾರ್ಜನ ಹೆಸರಿನ ಪುಟ್ಟ ಪ್ರಾರ್ಥನಾ ಮಂದಿರ, ಇವೆಲ್ಲವೂ ಒಂದಾದ ಮೇಲೊಂದರಂತೆ ತೆರೆದುಕೊಳ್ಳುತ್ತವೆ. ನೇರವಾಗಿ ಸರೋವರದ ಮೇಲೆ ತೆರೆದ ಶೌಚಗೂಡುಗಳನ್ನು ಕಂಡು ಮಕ್ಕಳು ನಗುವುದುಂಟು. ಕೋಣೆಗಳು ಬಹುಮಟ್ಟಿಗೆ ಬರಿದಾಗಿರುವುದನ್ನು ಕಂಡು ಹಿರಿಯರಿಗೆ ನಿರಾಶೆಯಾಗಬಹುದು. ಆದರೆ ಅಂದಿನ ಕೌಂಟರು ಒಂದೆಡೆ ನಿಂತು ಬಾಳಿದವರಲ್ಲ. ಊರಿಂದೂರಿಗೆ, ದುರ್ಗದಿಂದ ದುರ್ಗಕ್ಕೆ ಸಂಸಾರಸಮೇತ ಸಂಚರಿಸುತ್ತಿದ್ದರು. ಹಾಸಿಗೆ, ಗೋಡೆಗೆ ತೂಗುವ ಚಿತ್ರವಸ್ತ್ರ, ಪಾತ್ರೆಪಡಗ, ಎಲ್ಲವೂ ಪೆಟ್ಟಿಗೆಗಳಲ್ಲಿ ತುಂಬಿ ಹೇಸರಗತ್ತೆಗಳ ಬೆನ್ನ ಮೇಲೆ ಬರುತ್ತಿದ್ದವು. ಪ್ರಭುವು ಹೊರಟುಹೋದನೆಂದರೆ ಕೋಣೆಗಳು ಮತ್ತೆ ಬರಿದೇ.

ಸದಾಕಾಲವೂ ದುರ್ಗದಲ್ಲಿ ವಾಸಿಸುತ್ತಿದ್ದವನು ಪ್ರಭುವಲ್ಲ, ಅವನ ಕೋಟೆಪಾಲಕ. ಸುಂಕದ ವಸೂಲಿ, ನ್ಯಾಯವಿಚಾರಣೆ, ಕೈದಿಗಳ ಕಾವಲು, ಮಾಡಿನ ದುರಸ್ತಿ, ಎಲ್ಲವೂ ಅವನ ಹೊಣೆ. ಖರ್ಚುವೆಚ್ಚವನ್ನೆಲ್ಲ ಚರ್ಮದ ಹಾಳೆಯ ಸುರುಳಿಗಳಲ್ಲಿ ಬರೆದು ಅವನು ಒಪ್ಪಿಸಬೇಕಾಗಿದ್ದಿತು. ಶಿಯೋನಿನ ಆ ಲೆಕ್ಕದ ಸುರುಳಿಗಳು ಇಟಲಿಯ ಟ್ಯೂರಿನ್ ನಗರದ ದಫ್ತರಖಾನೆಯಲ್ಲಿ ಇಂದಿಗೂ ಉಳಿದಿವೆ. ಈ ಕೋಟೆಪಾಲಕನ ಲೇಖನಿಯ ವಿಷಯವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಅದರಿಂದ ನಡೆದ ಒಂದು ಅನರ್ಥವು ಮುಂದೆ ಬರಲಿದೆ.

ಕವಿ ಕಂಡ ಸೆರೆಯಾಳು

ದುರ್ಗಕ್ಕೆ ಬಂದ ಬಹುಪಾಲು ಪ್ರವಾಸಿಗಳು ಮೊದಲು ವಿಚಾರಿಸುವುದು ನೆಲಮಾಳಿಗೆಯ ದಾರಿಯನ್ನು. ಮೆಟ್ಟಿಲಿಳಿದು ಒಳಹೊಕ್ಕವನಿಗೆ ಅಚ್ಚರಿಯಾಗುತ್ತದೆ. ಅದು ಕತ್ತಲೆಯ ಬಿಲವಲ್ಲ. ದುಂಡುಗಂಬಗಳ ಸಾಲು, ಅವುಗಳಿಂದ ಹೊಮ್ಮಿ ಮೇಲೆ ಒಂದನ್ನೊಂದು ಕೂಡುವ ಕಲ್ಲಿನ ಕಮಾನುಗಳು, ದೇವಾಲಯವೆನ್ನಬಹುದಾದ ಸೊಬಗು. ಒಂದು ಬದಿಯ ನೆಲ ಮತ್ತು ಗೋಡೆ ಮನುಷ್ಯ ಕಟ್ಟಿದುದಲ್ಲ, ದ್ವೀಪದ ಬಂಡೆಯೇ. ಇನ್ನೊಂದು ಬದಿಯ ಕಿರಿದಾದ ಕಿಂಡಿಗಳಿಂದ ಬಿಸಿಲು ಬರುವಾಗ, ಹೊರಗಿನ ಅಲೆಗಳ ಬೆಳಕು ಕಮಾನಿನ ಮೇಲೆ ಚಲಿಸುತ್ತ ನಲಿಯುತ್ತದೆ. ಕಿವಿಗೊಟ್ಟರೆ ನೀರು ಗೋಡೆಗೆ ಬಡಿಯುವ ಸದ್ದು. ಮೂಲತಃ ಉಗ್ರಾಣವಾಗಿ ಕಟ್ಟಿದ ಈ ಸ್ಥಳವು ಬಳಿಕ ಸೆರೆಮನೆಯಾಯಿತು. ಐದನೆಯ ಕಂಬದ ಬಳಿ ಜನ ಗುಂಪುಗೂಡುತ್ತಾರೆ. ಬೋನಿವಾರನನ್ನು ಸರಪಣಿಯಿಂದ ಕಟ್ಟಿದ್ದ ಕಂಬ ಅದೇ ಎಂದು ಹೇಳುತ್ತಾರೆ.

ಫ್ರಾನ್ಸ್ವಾ ಬೋನಿವಾರನು 1493ರಲ್ಲಿ ಸೇಸೆಲ್ ಎಂಬಲ್ಲಿ ಹುಟ್ಟಿದವನು. ಸವಾಯ್ ಸಂಸ್ಥಾನದ ಕುಲೀನ ಮನೆತನ. ಎಳೆಯ ವಯಸ್ಸಿನಲ್ಲಿಯೇ ಜಿನೀವಾ ನಗರದ ಹೊರವಲಯದ ಸೇಂಟ್ ವಿಕ್ಟರ್ ಮಠದ ಅಧಿಪತ್ಯ ಅವನಿಗೆ ಲಭಿಸಿತು. ಅಷ್ಟುಹೊತ್ತಿಗೆ ಡ್ಯೂಕ್ ಪದವಿಗೇರಿದ್ದ ಸವಾಯ್ ಪ್ರಭುಗಳು ಜಿನೀವಾ ನಗರವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳಲು ಹವಣಿಸುತ್ತಿದ್ದರು. ಬೋನಿವಾರನು ನಗರದ ಪಕ್ಷವನ್ನು ಹಿಡಿದನು. ಅದಕ್ಕಾಗಿ ಒಮ್ಮೆ ಸೆರೆವಾಸವನ್ನು ಅನುಭವಿಸಿದರೂ ಅವನು ಬುದ್ಧಿ ಕಲಿಯಲಿಲ್ಲ. 1530ರಲ್ಲಿ ವೃದ್ಧ ತಾಯಿಯನ್ನು ಕಾಣಲು ಡ್ಯೂಕನಿಂದ ಅಭಯಪತ್ರ ಪಡೆದು ಹೊರಟ ಅವನನ್ನು, ಲೋಸಾನ್ ನಗರದ ಸಮೀಪದ ಜೋರಾ ಅರಣ್ಯದಲ್ಲಿ ಹಿಡಿದು ಶಿಯೋನಿಗೆ ತಂದರು. ಮೊದಲ ಎರಡು ವರ್ಷ ಮೇಲಂತಸ್ತಿನಲ್ಲಿ ಅತಿಥಿಯಂತೆಯೇ ಇಟ್ಟಿದ್ದರು. 1532ರಲ್ಲಿ ಮೂರನೆಯ ಚಾರ್ಲ್ಸ್ ಡ್ಯೂಕನು ದುರ್ಗಕ್ಕೆ ಬಂದುಹೋದ ಮೇಲೆ ಅವನನ್ನು ನೆಲಮಾಳಿಗೆಗೆ ಇಳಿಸಿದರು. ಅಲ್ಲಿ ನಾಲ್ಕು ವರ್ಷ. ಅಡ್ಡಾಡಿ ಅಡ್ಡಾಡಿ ಬಂಡೆಯ ಮೇಲೆ ಹಾದಿಯನ್ನೇ ಮೂಡಿಸಿದೆನೆಂದು ಮುಂದೆ ಅವನೇ ಬರೆದಿಟ್ಟನು.

1536ನೆಯ ಮಾರ್ಚ್ 29ರಂದು ಬರ್ನ್ ನಗರದ ಸೈನ್ಯವು ನೆಲದ ಕಡೆಯಿಂದಲೂ ಜಿನೀವಾದವರ ದೋಣಿಗಳು ನೀರಿನ ಕಡೆಯಿಂದಲೂ ದುರ್ಗವನ್ನು ಸುತ್ತಿ ಹಿಡಿದವು. ಸೆರೆಯ ಬಾಗಿಲು ತೆರೆಯಿತು. ಹೊರಬಂದ ಬೋನಿವಾರನಿಗೆ ಕಂಡ ಪ್ರಪಂಚವೇ ಬೇರೆ. ಜಿನೀವಾ ಸ್ವತಂತ್ರವಾಗಿದ್ದಿತು, ಹಳೆಯ ಮತವನ್ನು ಬಿಟ್ಟು ಸುಧಾರಿತ ಮತವನ್ನು ಅಪ್ಪಿದ್ದಿತು, ಅವನ ಮಠವನ್ನು ಕೋಟೆಯ ರಕ್ಷಣೆಗೆ ಅಡ್ಡಿಯೆಂದು ಊರವರೇ ಕೆಡವಿದ್ದರು. ಅಲ್ಲಿಂದ ಮುಂದಿನ ಮೂವತ್ತನಾಲ್ಕು ವರ್ಷ ಅವನು ಮಾಡಿದ್ದೇನು? ನಿವೃತ್ತಿವೇತನಕ್ಕಾಗಿ ನಗರಸಭೆಯೊಡನೆ ಜಗಳವಾಡಿದನು. ನಾಲ್ಕು ಬಾರಿ ಮದುವೆಯಾದನು. ಕ್ಲೆಮಾನ್ ಮಾರೋ ಎಂಬ ಫ್ರೆಂಚ್ ಕವಿಯೊಡನೆ ಪಗಡೆಯಾಡಿದ ತಪ್ಪಿಗಾಗಿ ಧರ್ಮಸಭೆಯ ಮುಂದೆ ನಿಂತನು. ನಗರದ ಇತಿಹಾಸವನ್ನು ಬರೆದನು. ಆ ಗ್ರಂಥದ ಶೈಲಿ ನಗರದ ಹಿರಿಯರಿಗೆ ರುಚಿಸದೆ ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ. ಕೊನೆಗೆ ತನ್ನ ಪುಸ್ತಕಗಳನ್ನು ಜಿನೀವಾಕ್ಕೆ ದಾನವಿತ್ತು 1570ರಲ್ಲಿ ಕಣ್ಣುಮುಚ್ಚಿದನು. ಹುತಾತ್ಮನೆನ್ನುವುದಕ್ಕಿಂತ ಅವನನ್ನು ಸಂಸಾರದ ಎಲ್ಲ ಗೋಜಲುಗಳೂ ಇದ್ದ ಸರಸಿಯಾದ ಮನುಷ್ಯನೆನ್ನುವುದೇ ಸರಿ.

ಅವನನ್ನು ಹುತಾತ್ಮನನ್ನಾಗಿಸಿದುದು ಎರಡೂವರೆ ಶತಮಾನಗಳ ಬಳಿಕ ಬಿದ್ದ ಒಂದು ಮಳೆ. 1815ರಲ್ಲಿ ಇಂದಿನ ಇಂಡೋನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಎಸೆದ ಧೂಳಿಯಿಂದ, 1816ರಲ್ಲಿ ಯೂರೋಪು ಬೇಸಗೆಯನ್ನೇ ಕಾಣಲಿಲ್ಲ. ಆ ವರ್ಷ ಜಿನೀವಾ ಸರೋವರದ ದಂಡೆಯಲ್ಲಿ ತಂಗಿದ್ದ ಬೈರನ್ ಮತ್ತು ಶೆಲ್ಲಿ ಕವಿಗಳು ಜೂನ್ ತಿಂಗಳಲ್ಲಿ ದೋಣಿಯೇರಿ ಸರೋವರವನ್ನು ಸುತ್ತಲು ಹೊರಟರು. ನಡುದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚುವ ಸ್ಥಿತಿಗೆ ಬಂದಿತು. ಶೆಲ್ಲಿಗೆ ಈಜು ಬಾರದು. ಹೇಗೋ ದಡ ಸೇರಿ, ಮುಂದೆ ಶಿಯೋನನ್ನು ಕಂಡರು. ಮನುಷ್ಯನು ಮನುಷ್ಯನ ಮೇಲೆ ನಡೆಸಿದ ದಬ್ಬಾಳಿಕೆಗೆ ಅಷ್ಟು ಭೀಕರವಾದ ಸ್ಮಾರಕ ಬೇರಿಲ್ಲವೆಂದು ಶೆಲ್ಲಿಗೆ ಅನಿಸಿತು. ಬಳಿಕ ಊಶಿ ಎಂಬ ಬಂದರಿನಲ್ಲಿ ಮಳೆ ಅವರನ್ನು ತಡೆದು ನಿಲ್ಲಿಸಿತು. ಆ ಬಿಡುವಿನಲ್ಲಿ ಬೈರನ್ನನು 'ಶಿಯೋನಿನ ಸೆರೆಯಾಳು' ಎಂಬ ಖಂಡಕಾವ್ಯವನ್ನು ಬರೆದನು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಪ್ರಕಟವಾಯಿತು.

ಕಾವ್ಯದ ನಾಯಕನು ತನ್ನ ಕಣ್ಣೆದುರಿಗೇ ಸೆರೆಯಲ್ಲಿ ಇಬ್ಬರು ತಮ್ಮಂದಿರನ್ನು ಕಳೆದುಕೊಳ್ಳುತ್ತಾನೆ. ನಿಜವಾದ ಬೋನಿವಾರನೊಡನೆ ನೆಲಮಾಳಿಗೆಯಲ್ಲಿ ತಮ್ಮಂದಿರು ಯಾರೂ ಸಾಯಲಿಲ್ಲ. ಅವನ ವೃತ್ತಾಂತವು ಕಾವ್ಯ ಬರೆಯುವಾಗ ತನಗೆ ಸಾಕಷ್ಟು ತಿಳಿದಿರಲಿಲ್ಲವೆಂದು ಬೈರನ್ನನು ಸರಳವಾಗಿ ಒಪ್ಪಿಕೊಂಡು, ಬೋನಿವಾರನ ಗೌರವಾರ್ಥವಾಗಿ ಸಾನೆಟ್ಟನ್ನು ಕಾವ್ಯಕ್ಕೆ ಜೋಡಿಸಿದನು. ಅದೇ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಬಂದಾಗ ಅವನಿಗೆ ದುರ್ಗವನ್ನು ತೋರಿಸಿದ ಕಾವಲುಗಾರನು ಕುಡಿದಿದ್ದನಲ್ಲದೆ ಕಿವುಡನೂ ಆಗಿದ್ದನು. ಎಲ್ಲರೂ ತನ್ನಂತೆಯೇ ಕಿವುಡರೆಂದು ಭಾವಿಸಿ ಕೋಟೆಯ ಕಥೆಗಳನ್ನು ಗಟ್ಟಿಯಾಗಿ ಕೂಗಿ ಹೇಳಿದನೆಂದು ಕವಿ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ನೆಲಮಾಳಿಗೆಯ ಮೂರನೆಯ ಕಂಬದ ಮೇಲೆ ಬೈರನ್ ಎಂದು ಕೊರೆದ ಅಕ್ಷರಗಳನ್ನು ಗಾಜು ಹಾಕಿ ರಕ್ಷಿಸಲಾಗಿದೆ. ಅವು ಕವಿಯ ಕೈಯವೇ ಹೌದೇ ಎಂಬ ಸಂಶಯವಂತೂ ಉಂಟು. ಆದರೆ ಕಂಬದ ಮುಂದೆ ಮೌನವಾಗಿ ನಿಲ್ಲುವ ಪ್ರವಾಸಿಗೆ ಆ ಸಂಶಯ ಬೇಕಾಗಿಲ್ಲ.

ಕಾವ್ಯಕ್ಕೆ ನಿಲುಕದವರು

ಬೋನಿವಾರನಿಗಿಂತ ಸುಮಾರು ಇನ್ನೂರು ವರ್ಷ ಹಿಂದೆ, 1348ರಲ್ಲಿ, ಇದೇ ದುರ್ಗಕ್ಕೆ ಬೇರೊಂದು ಬಗೆಯ ಸೆರೆಯಾಳುಗಳು ಬಂದರು. ಆ ವರ್ಷ ಪ್ಲೇಗ್ ಮಾರಿಯು ಮೆಡಿಟರೇನಿಯನ್ ಬಂದರುಗಳಿಂದ ಮೇಲೇರಿ ಯೂರೋಪನ್ನು ಕಬಳಿಸುತ್ತಿದ್ದಿತು. ರೋಗದ ಕಾರಣ ಯಾರಿಗೂ ತಿಳಿಯದು. ಕಾರಣ ತಿಳಿಯದ ಕಡೆ ಮನುಷ್ಯನು ಅಪರಾಧಿಯನ್ನು ಹುಡುಕುತ್ತಾನೆ. ಬಾವಿಗಳಿಗೆ ಯಾರೋ ವಿಷ ಹಾಕಿದ್ದಾರೆಂಬ ಸುದ್ದಿ ಹಬ್ಬಿತು. ಹಾಕಿದವರು ಯೆಹೂದ್ಯರೆಂದು ಬೆರಳು ತೋರಿತು. ಅವರೂ ಅದೇ ರೋಗದಿಂದ ಸಾಯುತ್ತಿರುವಾಗ ಈ ಆರೋಪಕ್ಕೆ ಅರ್ಥವಿಲ್ಲವೆಂದು ಆರನೆಯ ಕ್ಲೆಮೆಂಟ್ ಪೋಪರು ಅದೇ ವರ್ಷ ಎರಡು ಆಜ್ಞಾಪತ್ರಗಳನ್ನು ಹೊರಡಿಸಿದರು. ಭಯಪಟ್ಟ ಜನರ ಕಿವಿಗೆ ಅದು ಹೋಗಲಿಲ್ಲ.

ಸವಾಯ್ ಪ್ರಾಂತದಲ್ಲಿ ಹಿಡಿದ ಯೆಹೂದ್ಯರಲ್ಲಿ ಹಲವರನ್ನು ಶಿಯೋನಿಗೆ ತಂದರು. ಸರೋವರದ ಎದುರುದಂಡೆಯ ತೋನೋಂ ಪಟ್ಟಣದಲ್ಲಿ ವಾಸವಾಗಿದ್ದ ಬಲವಿಗ್ನಿ ಎಂಬ ಶಸ್ತ್ರವೈದ್ಯನು ಅವರಲ್ಲೊಬ್ಬ. ರೋಗಿಗಳ ಗಾಯಕ್ಕೆ ಮದ್ದು ಕಟ್ಟುವುದೇ ಅವನ ವೃತ್ತಿ. ಸೆಪ್ಟೆಂಬರ್ ತಿಂಗಳಲ್ಲಿ ಅವನನ್ನು ಚಿತ್ರಹಿಂಸೆಗೆ ಗುರಿಮಾಡಿದರು. ಅಷ್ಟಾದ ಮೇಲೆ ಅವನು 'ಒಪ್ಪಿಕೊಂಡನು'. ದೂರದ ಟೊಲೆಡೊ ನಗರದ ಧರ್ಮಗುರುವೊಬ್ಬನಿಂದ ತನಗೆ ವಿಷ ಬಂದಿತೆಂದೂ, ಅದನ್ನು ಬಾವಿಯ ನೀರಿಗೆ ಹಾಕಿದೆನೆಂದೂ ಹೇಳಿದನು. ಆ ಬಳಿಕ ಅವನನ್ನು ಶಿಯೋನಿನಿಂದ ದೋಣಿಯಲ್ಲಿ ಕ್ಲಾರಾನ್ ಎಂಬ ಹಳ್ಳಿಗೆ ಒಯ್ದು ಬಾವಿಯನ್ನು ಗುರುತಿಸುವಂತೆ ಆಜ್ಞಾಪಿಸಿದರು. ಅವನು ಒಂದನ್ನು ತೋರಿಸಿದನು. ಅಲ್ಲಿ ಒಂದು ಬಟ್ಟೆಯ ಚೂರು ಸಿಕ್ಕಿತು. ಯಾವ ಹಳ್ಳಿಯ ಯಾವ ನೀರಿನ ಬಳಿ ಹುಡುಕಿದರೂ ಸಿಗಬಹುದಾದ ಆ ಚಿಂದಿಯೇ ಸಾಕ್ಷ್ಯವಾಯಿತು.

ಕ್ಲಾರಾನ್ ಎಂಬ ಹೆಸರು ಸಾಹಿತ್ಯಪ್ರಿಯರಿಗೆ ಪರಿಚಿತವಾದದ್ದು. ರೂಸೋ 1761ರಲ್ಲಿ ಪ್ರಕಟಿಸಿದ 'ಜೂಲಿ' ಕಾದಂಬರಿಯ ನಾಯಕಿ ಬಾಳಿದ ಊರು ಅದೇ. ಅವಳ ಕಥೆಯ ಕೊನೆಯ ದುರಂತವೂ ಶಿಯೋನಿನ ಬಳಿಯ ನೀರಿನಲ್ಲಿಯೇ ನಡೆಯುತ್ತದೆ. ಆ ಕಲ್ಪಿತ ನಾಯಕಿಗಾಗಿ ಕಣ್ಣೀರಿಡುತ್ತ ಯೂರೋಪಿನ ಓದುಗರು ಕ್ಲಾರಾನಿಗೆ ಯಾತ್ರೆ ಬಂದರು. ಅದೇ ದಾರಿಯಲ್ಲಿ ಕಾವಲುಗಾರರ ನಡುವೆ ದೋಣಿಯಲ್ಲಿ ಕುಳಿತು ಸಾಗಿದ ವೈದ್ಯನಿಗಾಗಿ ಅತ್ತವರು ಎಷ್ಟು ಮಂದಿ?

ಕಥೆ ಶಿಯೋನಿನಲ್ಲಿಯೇ ಮುಗಿದಿದ್ದರೆ ಅದು ಒಂದು ಕೋಟೆಯ ಪಾಪವಾಗಿ ಉಳಿಯುತ್ತಿದ್ದಿತು. ಆದರೆ ರೈನ್ ನದಿಯ ದಂಡೆಯ ಸ್ಟ್ರಾಸ್‌ಬರ್ಗ್ ನಗರದವರು, ಈ ಯೆಹೂದ್ಯರ ವಿಚಾರಣೆಯಲ್ಲಿ ಏನು ಹೊರಬಿದ್ದಿತೆಂದು ಶಿಯೋನಿನ ಕೋಟೆಪಾಲಕನನ್ನು ಕೇಳಿದರು. ಅವನು ತಪ್ಪೊಪ್ಪಿಗೆಗಳ ನಕಲನ್ನು ಅಚ್ಚುಕಟ್ಟಾಗಿ ಬರೆಯಿಸಿ ಕಳುಹಿಸಿದನು. ಸುಂಕದ ಲೆಕ್ಕವನ್ನು ಒಪ್ಪಿಸುವಷ್ಟೇ ನಿಷ್ಠೆಯಿಂದ ಈ ಕೆಲಸವೂ ನಡೆಯಿತು. ಅಲ್ಲಿನ ನಗರಸಭೆಯ ಹಿರಿಯರು ಯೆಹೂದ್ಯರನ್ನು ಕಾಪಾಡಲು ಯತ್ನಿಸಿದರು. ಅಂಥವರನ್ನು ಅಧಿಕಾರದಿಂದ ಇಳಿಸಲಾಯಿತು. 1349ನೆಯ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಯೆಹೂದ್ಯರನ್ನು, ಹೆಂಗಸರು ಮಕ್ಕಳೆನ್ನದೆ, ಬೆಂಕಿಗೆ ಆಹುತಿಕೊಟ್ಟರು. ಆಗ ಆ ನಗರಕ್ಕೆ ಪ್ಲೇಗ್ ಇನ್ನೂ ಕಾಲಿಟ್ಟಿರಲಿಲ್ಲ. ಕೋಟೆಯ ಕಲ್ಲುಗಳು ಕೊಂದವರಿಗಿಂತ ಕೋಟೆಯ ಕಾಗದವು ಕೊಂದವರು ಹೆಚ್ಚು.

ಬರ್ನಿನ ಅಧಿಕಾರಿಗಳು ದುರ್ಗವನ್ನು ಆಳಿದ ಕಾಲದಲ್ಲಿಯೂ ಇಂತಹ ಸೆರೆಯಾಳುಗಳ ಸಾಲು ತುಂಡಾಗಲಿಲ್ಲ. ಮಾಟಗಾತಿಯರೆಂಬ ಆರೋಪ ಹೊತ್ತ ಹೆಂಗಸರೂ ಗಂಡಸರೂ ಇಲ್ಲಿ ಕುಳಿತು ಅದೇ ರೀತಿಯಲ್ಲಿ 'ಒಪ್ಪಿಕೊಂಡು' ಅದೇ ರೀತಿಯಲ್ಲಿ ಬೆಂಕಿಗೆ ನಡೆದರು. ಇವರಾರೂ ಬಂಡೆಯ ಮೇಲೆ ಹಾದಿ ಮೂಡುವಷ್ಟು ಕಾಲ ಉಳಿಯಲಿಲ್ಲ. ಬೋನಿವಾರನಿಗೆ ಲೇಖನಿಯಿದ್ದಿತು, ಮೂವತ್ತನಾಲ್ಕು ವರ್ಷಗಳ ಆಯುಷ್ಯವಿದ್ದಿತು, ಕೊನೆಗೆ ಒಬ್ಬ ಮಹಾಕವಿಯೂ ದೊರೆತನು. ಇವರ ಮಾತೆಂದು ಉಳಿದಿರುವುದು ಹಿಂಸಿಸಿದವರೇ ಬರೆದುಕೊಂಡ ಮಾತು ಮಾತ್ರ.

ಕಲ್ಲನ್ನು ಓದಿದ ವಿದ್ವಾಂಸ

1733ರಲ್ಲಿ ಬರ್ನಿನ ಅಧಿಕಾರಿಯು ತನ್ನ ವಾಸವನ್ನು ವೆವೆ ಪಟ್ಟಣಕ್ಕೆ ಬದಲಾಯಿಸಿದ ಮೇಲೆ ಶಿಯೋನ್ ಉಗ್ರಾಣವಾಗಿ, ಆಯುಧಾಗಾರವಾಗಿ, ಸೆರೆಮನೆಯಾಗಿ ಕಾಲ ಕಳೆಯಿತು. 1798ರಲ್ಲಿ ವೋ ಪ್ರಾಂತದ ಜನರು ಬರ್ನಿನ ಆಳ್ವಿಕೆಯನ್ನು ಕಿತ್ತೊಗೆದಾಗ ದುರ್ಗವೂ ಅವರ ಪಾಲಿಗೆ ಬಂದಿತು. ಅದು ಇಂದಿಗೂ ವೋ ಪ್ರಾಂತದ ಸ್ವತ್ತು. ಅದನ್ನು ಉಳಿಸಲು 1887ರಲ್ಲಿ ಒಂದು ಸಂಘವು ಹುಟ್ಟಿತು. 1897ರಿಂದ ಜೀರ್ಣೋದ್ಧಾರದ ಹೊಣೆಯನ್ನು ಹೊತ್ತವನು ಆಲ್ಬರ್ಟ್ ನೇಫ್ ಎಂಬ ಪುರಾತತ್ತ್ವಜ್ಞ. ಹಳೆಯ ದುರ್ಗಗಳನ್ನು ಕೈಗೆತ್ತಿಕೊಂಡವರು ತಮ್ಮ ಕಲ್ಪನೆಯ ಮಧ್ಯಯುಗವನ್ನು ಅದರ ಮೇಲೆ ಕಟ್ಟಿಬಿಡುತ್ತಿದ್ದ ಕಾಲ ಅದು. ನೇಫ್ ಆ ದಾರಿ ಹಿಡಿಯಲಿಲ್ಲ. ನೆಲವನ್ನು ಅಗೆದು ನೋಡಿದನು, ಗೋಡೆಯ ಪದರಗಳನ್ನು ಬಿಡಿಸಿ ನೋಡಿದನು, ಹಳೆಯ ಲೆಕ್ಕದ ಸುರುಳಿಗಳನ್ನು ಕಲ್ಲಿನೊಡನೆ ತಾಳೆಹಾಕಿದನು; ಪ್ರತಿಯೊಂದನ್ನೂ ಚಿತ್ರ ಬರೆದು, ಛಾಯಾಚಿತ್ರ ತೆಗೆದು, ದಾಖಲೆ ಮಾಡಿದನು. ಇಂದಿನ ಪ್ರವಾಸಿ ಕಾಣುವ ಶಿಯೋನ್ ನಂಬಲರ್ಹವಾಗಿದ್ದರೆ ಅದಕ್ಕೆ ಅವನ ದಶಕಗಳ ತಾಳ್ಮೆ ಕಾರಣ.

ದಾರಿಯ ಮಹತ್ತ್ವವಂತೂ ಕುಂದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದುರ್ಗಕ್ಕೂ ಬೆಟ್ಟಕ್ಕೂ ನಡುವಣ ಇಕ್ಕಟ್ಟಿನಲ್ಲಿಯೇ ರೈಲುಹಾದಿ ನುಗ್ಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ವಿಸ್ ಸೈನ್ಯವು ಎದುರಿನ ಬಂಡೆಯನ್ನು ಕೊರೆದು ಫಿರಂಗಿಗಳ ಗುಪ್ತಕೋಟೆಯೊಂದನ್ನು ನಿರ್ಮಿಸಿತು. ಏಳುನೂರು ವರ್ಷಗಳ ಅಂತರದಲ್ಲಿ ಎರಡು ಯುಗಗಳ ಸೇನಾನಿಗಳು ಅದೇ ಗಜದಗಲದ ದಾರಿಯನ್ನು ಕಾಯಲು ನಿಶ್ಚಯಿಸಿದುದು ಸ್ವಾರಸ್ಯಕರ. ಆ ಗುಪ್ತಕೋಟೆಯೂ ಈಗ ವಸ್ತುಸಂಗ್ರಹಾಲಯ. ಬೆಟ್ಟದ ಮೇಲ್ಗಡೆ 1969ರಲ್ಲಿ ಮುಗಿದ ಹೆದ್ದಾರಿಯ ಉದ್ದ ಸೇತುವೆಯು ಕಂಬಗಳ ಮೇಲೆ ಬಾಗಿ ಸಾಗುತ್ತದೆ. ಅಲ್ಲಿ ಓಡುವ ವಾಹನಗಳಿಂದ ಶಿಯೋನ್ ಯಾವ ಸುಂಕವನ್ನೂ ಕೇಳುವುದಿಲ್ಲ.

ತಿರುಗಿ ಬರುವಾಗ

ಸಂಜೆಯ ಹೊತ್ತಿಗೆ ಪ್ರವಾಸಿಯು ಸೇತುವೆಯನ್ನು ದಾಟಿ ಮತ್ತೆ ದಂಡೆಗೆ ಬರುತ್ತಾನೆ. ಪಡುವಣಕ್ಕೆ ಇಳಿದ ಸೂರ್ಯನ ಬೆಳಕಿನಲ್ಲಿ ಸರೋವರವು ತಾಮ್ರದ ತಗಡಿನಂತೆ ಹೊಳೆಯುತ್ತದೆ. ಆ ಬೆಳಕಿನ ಕಡೆಗೆ, ಇದೇ ಸರೋವರದ ದಂಡೆಯಲ್ಲಿ ಮಾರ್ಜ್ ಎಂಬ ಪುಟ್ಟ ಪಟ್ಟಣವಿದೆ. ಶಿಯೋನಿನ ಯಾತ್ರೆಯ ಕೊನೆಯಲ್ಲಿ ಆ ಊರನ್ನು ನೆನೆಯಲು ಕಾರಣವುಂಟು.

1863ರಲ್ಲಿ ಅದೇ ವೋ ಪ್ರಾಂತದ ಓಬೋನ್ ಎಂಬಲ್ಲಿ ಹುಟ್ಟಿ, ಮಾರ್ಜಿನಲ್ಲಿ ವಿಧವೆ ತಾಯಿಯ ಆಸರೆಯಲ್ಲಿ ಬೆಳೆದ ಹುಡುಗನ ಹೆಸರು ಅಲೆಕ್ಸಾಂಡರ್ ಯೆರ್ಸಿನ್. ಪ್ಯಾರಿಸ್ಸಿನಲ್ಲಿ ಪಾಶ್ಚರನ ಸಂಸ್ಥೆಯಲ್ಲಿ ಪಳಗಿದ ಈ ವೈದ್ಯನು 1894ರಲ್ಲಿ ಪ್ಲೇಗಿನಿಂದ ತತ್ತರಿಸುತ್ತಿದ್ದ ಹಾಂಗ್‌ಕಾಂಗ್ ನಗರಕ್ಕೆ ಹೋದನು. ಅಲ್ಲಿ ಹುಲ್ಲುಗುಡಿಸಲೊಂದನ್ನು ಪ್ರಯೋಗಶಾಲೆ ಮಾಡಿಕೊಂಡು, ಸತ್ತವರ ಗಡ್ಡೆಗಳಿಂದ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ರೋಗದ ಬೀಜವಾದ ಜೀವಾಣುವನ್ನು ಕಂಡನು. ಆ ಜೀವಾಣು ಇಂದು ಅವನ ಹೆಸರನ್ನೇ ಹೊತ್ತಿದೆ. ಬಾವಿಗೆ ವಿಷ ಹಾಕಿದವರು ಯಾರೂ ಇರಲಿಲ್ಲ. ಇಲಿಯ ಮೈಮೇಲಿನ ಚಿಗಟದ ಮೂಲಕ ಈ ಅಣುಜೀವಿ ಮನುಷ್ಯನಿಗೆ ಬರುತ್ತಿದ್ದಿತೆಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ತಿಳಿದುಬಂದಿತು. ಬಲವಿಗ್ನಿ ವೈದ್ಯನ ಮೇಲಿನ ಆರೋಪಕ್ಕೆ ಉತ್ತರವು ಸುಮಾರು ಐದೂವರೆ ಶತಮಾನ ತಡವಾಗಿ, ಅದೇ ಸರೋವರದ ದಂಡೆಯಲ್ಲಿ ಬೆಳೆದ ಇನ್ನೊಬ್ಬ ವೈದ್ಯನಿಂದ ಬಂದಿತು.

ಪ್ಲೇಗ್ ಎಂಬ ಪದ ಕನ್ನಡಿಗರ ಮನೆಗಳಿಗೂ ಅಪರಿಚಿತವಲ್ಲ. 1898ರಲ್ಲಿ ಬೆಂಗಳೂರಿಗೆ ಆ ಮಾರಿ ಬಂದಾಗ ಜನರು ಮನೆಮಾರುಗಳನ್ನು ತೊರೆದು ಊರ ಹೊರಗಿನ ಗುಡಿಸಲುಗಳಲ್ಲಿ ನೆಲೆಸಿದ ಕಥೆಯನ್ನು ಅಜ್ಜಿಯಂದಿರು ಮೊಮ್ಮಕ್ಕಳಿಗೆ ಹೇಳಿದ್ದುಂಟು. ಮಲ್ಲೇಶ್ವರ, ಬಸವನಗುಡಿಗಳಂತಹ ಬಡಾವಣೆಗಳು ಬೆಳೆದುದೂ ಅದೇ ಅನುಭವದಿಂದ. ಕಾರಣವನ್ನು ಅರಿತಾಗ ಮನುಷ್ಯನು ಅಗಲವಾದ ಬೀದಿಗಳನ್ನು ಕಟ್ಟುತ್ತಾನೆ. ಅರಿಯದೆ ಹೆದರಿದಾಗ ಚಿತೆಯನ್ನು ಕಟ್ಟುತ್ತಾನೆ.

ದುರ್ಗದ ಬಾಗಿಲು ಮುಚ್ಚಿದ ಮೇಲೂ ಅಲೆಗಳು ನೆಲಮಾಳಿಗೆಯ ಗೋಡೆಯನ್ನು ತಟ್ಟುತ್ತಲೇ ಇರುತ್ತವೆ. ಐದನೆಯ ಕಂಬವನ್ನು ನೋಡಿ ಬಂದವರು ಅಲ್ಲಿ ಬೋನಿವಾರನ ಹೆಜ್ಜೆಯ ಗುರುತನ್ನು ಹುಡುಕಿರುತ್ತಾರೆ. ಅಲ್ಲಿಗೆ ಹೋಗುವ ಕನ್ನಡಿಗನು ಒಂದು ಗಳಿಗೆ ಕಂಬವನ್ನು ಬಿಟ್ಟು ಕಿಂಡಿಯ ಬಳಿ ನಿಂತು, ದೋಣಿಯೊಂದು ಕ್ಲಾರಾನಿನ ಕಡೆಗೆ ಸಾಗುವ ನೀರಿನ ದಾರಿಯನ್ನು ನೋಡಲಿ. ಆ ದಾರಿಯಲ್ಲಿ ಯಾವ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ನೆನಪಿಟ್ಟುಕೊಳ್ಳುವ ಹೊಣೆ ನೋಡುವವನದೇ.